ಕಸಿಯಾದ ಕಿಡ್ನಿ, ಹೆಬ್ಬೆರಳಿನ ನೋವು

ಕಿಡ್ನಿ ಕಸಿ ಆದವರ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿರುವ ಪದ ಒಂದೇ: ಕ್ರಿಯಾಟಿನಿನ್. ಅಜ್ಜಿಗೂ ಗೊತ್ತು, ಪಕ್ಕದ ಮನೆಯವರಿಗೂ ಗೊತ್ತು. "ಕ್ರಿಯಾಟಿನಿನ್ ಎಷ್ಟು ಬಂತು?" ಅನ್ನೋದು "ಊಟ ಆಯ್ತಾ?" ಅನ್ನುವಷ್ಟೇ ಸಹಜವಾದ ಪ್ರಶ್ನೆ. ಅದೇ ರಿಪೋರ್ಟಿನಲ್ಲಿ ಸ್ವಲ್ಪ ಕೆಳಗೆ ಇನ್ನೊಂದು ಅಂಕಿ ಇರುತ್ತದೆ: ಯೂರಿಕ್ ಆಸಿಡ್. ಅದರ ಬಗ್ಗೆ ಯಾರೂ ಫೋನ್ ಮಾಡಿ ಕೇಳುವುದಿಲ್ಲ. ಈ ಲೇಖನ ಆ ಅಂಕಿಯ ಬಗ್ಗೆ. ಅದು ಏರೋದು ಯಾಕೆ, ಏರಿದಾಗ ಏನು ಮಾಡಬೇಕು ಅನ್ನೋದರ ಜೊತೆಗೆ, ಅವಸರದಲ್ಲಿ ನುಂಗುವ ಒಂದು ಸಾಮಾನ್ಯ ಮಾತ್ರೆ ಹೇಗೆ ಪ್ರಾಣಕ್ಕೇ ಬರಬಹುದು ಅನ್ನೋದರ ಬಗ್ಗೆ.

ನಮ್ಮೂರು ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು. ಆಂಧ್ರದ ಗಡಿ. ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ಎರಡೂ. ಮಾವಿನ ತೋಪು, ಟೊಮೇಟೊ, ಒಂದೆರಡು ಸೀಮೆಹಸು, ಇಷ್ಟರಲ್ಲೇ ನಮ್ಮ ಕಡೆಯ ಸಂಸಾರಗಳು ನಡೆಯೋದು. ನಮ್ಮಣ್ಣನೂ ಹಾಗೇ. ಬಿಪಿ ಇದೆ ಅಂತ ಗೊತ್ತಾಗುವ ಹೊತ್ತಿಗೆ ಎರಡೂ ಕಿಡ್ನಿ ಸೋತಿದ್ದವು. ಒಂದೂವರೆ ವರ್ಷ ಕೋಲಾರಕ್ಕೆ ಹೋಗಿ ಡಯಾಲಿಸಿಸ್, ವಾರಕ್ಕೆ ಎರಡು ಸಲ. ಆಮೇಲೆ ಬೆಂಗಳೂರಿನಲ್ಲಿ ಕಸಿ. ಕಿಡ್ನಿ ಕೊಟ್ಟಿದ್ದು ನಮ್ಮಮ್ಮ. ನಾನು ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡ್ತೀನಿ. ಅಣ್ಣನ ಫೈಲು ನನ್ನ ಫೋನಿನಲ್ಲಿದೆ. ಊರಲ್ಲಿ ಅಪ್ಪ ಅಮ್ಮನೋ ಅಣ್ಣ ತಮ್ಮನೋ ಇದ್ದು, ಅವರ ರಿಪೋರ್ಟು ವಾಟ್ಸಾಪಿನಲ್ಲಿ ನಿಮಗೇ ಬರುತ್ತಿದ್ದರೆ, ನಿಮ್ಮ ಪಾಡೂ ಇದೇ.

ದೇಹಕ್ಕೆ ಇದು ಪರರ ಕಿಡ್ನಿ

ಅಮ್ಮನ ಕಿಡ್ನಿಯೇ ಆದರೂ ಮಗನ ದೇಹದ ರೋಗನಿರೋಧಕ ಕಣಗಳ ಲೆಕ್ಕದಲ್ಲಿ ಅದು ಹೊರಗಿನ ವಸ್ತು. ಬಿಟ್ಟರೆ ಹೊಡೆದು ಹಾಕುತ್ತವೆ. ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ 1954ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಆಯಿತು. ಡಾ. ಜೋಸೆಫ್ ಮರ್ರೆ ಅದನ್ನು ಮಾಡಿದ್ದು ಒಂದೇ ರೂಪದ ಅವಳಿ ಅಣ್ಣತಮ್ಮಂದಿರ ನಡುವೆ. ಇಬ್ಬರ ದೇಹವೂ ಒಂದೇ ಆದ್ದರಿಂದ ಜಗಳವೇ ಹುಟ್ಟಲಿಲ್ಲ. ಅವಳಿಗಳಲ್ಲದವರಿಗೆ ಕಸಿ ಕೈಹಿಡಿಯಬೇಕಾದರೆ ಔಷಧಿಗಾಗಿ ಕಾಯಬೇಕಾಯಿತು. ನಮ್ಮ ದೇಶದಲ್ಲಿ ಮೊದಲ ಯಶಸ್ವಿ ಕಸಿ 1971ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ. ಕೋಲಾರ ಜಿಲ್ಲೆಯವರಿಗೆ ವೆಲ್ಲೂರು ದೂರದ ಊರೇನಲ್ಲ. ದೊಡ್ಡ ಕಾಯಿಲೆ ಅಂದರೆ "ವೆಲ್ಲೂರಿಗೆ ಕರ್ಕೊಂಡು ಹೋಗ್ರಪ್ಪ" ಅನ್ನೋ ಮಾತು ನಮ್ಮ ಹಿರಿಯರ ಬಾಯಲ್ಲಿ ಇವತ್ತಿಗೂ ಇದೆ.

ಈಗ ಕಸಿ ಆದವರು ಸಾಮಾನ್ಯವಾಗಿ ಮೂರು ಬಗೆಯ ಮಾತ್ರೆ ನುಂಗುತ್ತಾರೆ. ಒಂದು, ಟ್ಯಾಕ್ರೊಲಿಮಸ್ ಅಥವಾ ಸೈಕ್ಲೋಸ್ಪೊರಿನ್. ಎರಡು, ಮೈಕೋಫಿನೊಲೇಟ್ ಅಥವಾ ಅಜಾಥಯೋಪ್ರಿನ್. ಮೂರು, ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್. ಸೈಕ್ಲೋಸ್ಪೊರಿನ್ ಸಿಕ್ಕಿದ್ದು ನಾರ್ವೆ ದೇಶದ ಮಣ್ಣಿನಲ್ಲಿದ್ದ ಒಂದು ಶಿಲೀಂಧ್ರದಿಂದ. 1983ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಅಂಗಾಂಗ ಕಸಿಯ ಚಹರೆಯೇ ಬದಲಾಯಿತು. ಟ್ಯಾಕ್ರೊಲಿಮಸ್ ಬಂದಿದ್ದು ಜಪಾನಿನ ಸುಕುಬಾ ಬೆಟ್ಟದ ಹತ್ತಿರದ ಮಣ್ಣಿನ ಬ್ಯಾಕ್ಟೀರಿಯಾದಿಂದ, 1984ರಲ್ಲಿ. ಇವತ್ತು ಬಹುತೇಕರಿಗೆ ಬರೆಯೋದು ಇದನ್ನೇ. ಹನ್ನೆರಡು ಗಂಟೆಗೊಮ್ಮೆ, ಗಡಿಯಾರ ನೋಡಿಕೊಂಡು. ಕಿಡ್ನಿ ಕೆಲಸ ಮಾಡುತ್ತಿರುವಷ್ಟು ಕಾಲವೂ.

ಕಾಯುವ ಮಾತ್ರೆಯೇ ಏರಿಸುವ ಆಮ್ಲ

ಯೂರಿಕ್ ಆಸಿಡ್ ವಿಷವಲ್ಲ. ನಮ್ಮ ಜೀವಕೋಶಗಳಲ್ಲೂ ನಾವು ತಿನ್ನುವ ಊಟದಲ್ಲೂ ಪ್ಯೂರಿನ್ ಅನ್ನುವ ವಸ್ತು ಇದೆ. ಅದು ಒಡೆದಾಗ ಕೊನೆಗೆ ಉಳಿಯುವ ಕಸವೇ ಯೂರಿಕ್ ಆಸಿಡ್. ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮೂತ್ರದಲ್ಲಿ ಹೋಗುತ್ತದೆ, ಉಳಿದದ್ದು ಕರುಳಿನ ದಾರಿಯಲ್ಲಿ. ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಅದು ಕರಗಿ ನಿಲ್ಲಲಾರದೆ ಹರಳುಗಟ್ಟಬಹುದು. ಉಪ್ಪು ಜಾಸ್ತಿ ಹಾಕಿದ ನೀರಿನ ತಳದಲ್ಲಿ ಉಪ್ಪು ಕೂರುತ್ತಲ್ಲ, ಹಾಗೆ. ಆ ಹರಳು ಕೂರಲು ಇಷ್ಟಪಡುವುದು ದೇಹದ ತಣ್ಣನೆಯ ಜಾಗದಲ್ಲಿ. ಅದಕ್ಕೇ ಕಾಲಿನ ಹೆಬ್ಬೆರಳು ಮೊದಲು.

ಕಸಿ ಆದವರಲ್ಲಿ ಇದು ಏರಲು ಹಲವು ಕಾರಣಗಳು ಒಟ್ಟಿಗೆ ಸೇರುತ್ತವೆ. ಎರಡು ಕಿಡ್ನಿ ಮಾಡಬೇಕಾದ ಕೆಲಸವನ್ನು ಒಂದೇ ಮಾಡುತ್ತಿದೆ. ಟ್ಯಾಕ್ರೊಲಿಮಸ್ ಮತ್ತು ಸೈಕ್ಲೋಸ್ಪೊರಿನ್ ಎರಡೂ ಕಿಡ್ನಿಯೊಳಕ್ಕೆ ರಕ್ತ ತರುವ ಸಣ್ಣ ನಾಳಗಳನ್ನು ಬಿಗಿ ಮಾಡುತ್ತವೆ. ಸೋಸುವುದು ಕಡಿಮೆಯಾಗುತ್ತದೆ, ಯೂರಿಕ್ ಆಸಿಡ್ ವಾಪಸ್ ರಕ್ತಕ್ಕೇ ಸೇರುತ್ತದೆ. ಈ ವಿಷಯದಲ್ಲಿ ಸೈಕ್ಲೋಸ್ಪೊರಿನ್ ಹೆಚ್ಚು ಕುಖ್ಯಾತ. 1989ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅದನ್ನು ತೆಗೆದುಕೊಳ್ಳುತ್ತಿದ್ದ ಕಿಡ್ನಿ ಕಸಿಯವರಲ್ಲಿ ಶೇ 84 ಮಂದಿಗೆ ಯೂರಿಕ್ ಆಸಿಡ್ ಏರಿತ್ತು. ಅಜಾಥಯೋಪ್ರಿನ್ ಮೇಲಿದ್ದವರಲ್ಲಿ ಶೇ 30. ಇದರ ಮೇಲೆ ಬಿಪಿಗೂ ಊತಕ್ಕೂ ಕೊಡುವ 'ನೀರಿನ ಮಾತ್ರೆ'ಗಳು, ಅಂದರೆ ಥಯಜೈಡ್, ಫ್ರುಸಮೈಡ್ ತರಹದವು, ಯೂರಿಕ್ ಆಸಿಡ್ಡನ್ನು ಇನ್ನಷ್ಟು ಹಿಡಿದಿಡುತ್ತವೆ. ಸ್ಟೀರಾಯ್ಡಿನಿಂದ ಹಸಿವು ಜಾಸ್ತಿ, ತೂಕ ಜಾಸ್ತಿ. ಅದೂ ಕೂಡಿಕೊಳ್ಳುತ್ತದೆ.

ಹಾಗಂತ ಟ್ಯಾಕ್ರೊಲಿಮಸ್ ಬಿಡೋಕಾಗುತ್ತಾ? ಖಂಡಿತ ಇಲ್ಲ. ಅದನ್ನು ತಾನಾಗಿ ಕಡಿಮೆ ಮಾಡಿಕೊಂಡರೆ ಹೋಗೋದು ಬೆರಳಿನ ನೋವಲ್ಲ, ಕಿಡ್ನಿ.

ರಾತ್ರಿ ಶುರುವಾದ ನೋವು

ಕಸಿಯಾಗಿ ಮೂರನೇ ವರ್ಷ. ಮಾವಿನ ಸುಗ್ಗಿ. ಅಣ್ಣ ದಿನವೆಲ್ಲ ಬಿಸಿಲಲ್ಲಿ ತೋತಾಪುರಿ ಲೋಡ್ ಮಾಡಿಸಿ ಬಂದು ಮಲಗಿದ್ದಾನೆ. ನಡುರಾತ್ರಿ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಬೆಂಕಿ ಇಟ್ಟಂಗೆ ಉರಿ. ಹೊದಿಕೆ ತಾಗಿದರೂ ಕಿರುಚುವಷ್ಟು. ಬೆಳಗ್ಗೆ ನೋಡಿದರೆ ಕೆಂಪಗೆ ಮಿರಮಿರ ಅನ್ನುವಂತೆ ಊದಿದೆ. ಪಕ್ಕದ ಮನೆ ದೊಡ್ಡಪ್ಪ "ವಾಯು ಕಣಪ್ಪ ಅದು, ಒಂದು ಇಂಜೆಕ್ಷನ್ ಹಾಕಿಸ್ಕೊಂಡ್ರೆ ಸಂಜೆಗೆ ಎದ್ದು ಓಡಾಡ್ತೀಯ" ಅಂದರು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಡೈಕ್ಲೋಫೆನಾಕ್ ಇಂಜೆಕ್ಷನ್, ಜೊತೆಗೆ ದಿನಕ್ಕೊಂದು ಅಲೋಪ್ಯೂರಿನಾಲ್ 300 ಮಿಲಿಗ್ರಾಂ ಅಂತ ಬರೆದರು. ಕಿಡ್ನಿ ಸರಿಯಿರುವ ಮನುಷ್ಯನಿಗಾದರೆ ಇಂಥ ಚೀಟಿ ಎಲ್ಲೆಲ್ಲೂ ಬರೆಯುತ್ತಾರೆ.

ಅಣ್ಣ ಇಂಜೆಕ್ಷನ್ ಬೇಡ ಅಂದ. ಕಸಿಯಾದ ದಿನವೇ ನಮಗೆ ಹೇಳಿದ್ದ ನಿಯಮ ಅದು: ಯಾವ ಹೊಸ ಔಷಧಿಯಾದರೂ ಮೊದಲು ಕಸಿ ವಿಭಾಗಕ್ಕೆ ಫೋನ್. ಚೀಟಿಯ ಫೋಟೊ ನನಗೆ ಬಂತು, ನನ್ನಿಂದ ಕೋಆರ್ಡಿನೇಟರ್ ಮೇಡಂಗೆ ಹೋಯಿತು. ಹತ್ತೇ ನಿಮಿಷದಲ್ಲಿ ವಾಪಸ್ ಫೋನ್. "ಎರಡೂ ಬೇಡ. ಅವರು ಅಜಾಥಯೋಪ್ರಿನ್ ಮೇಲಿದ್ದಾರೆ, ನೆನಪಿದೆಯಲ್ಲ? ಜ್ವರ ಇದೆಯಾ ನೋಡಿ, ನಾಳೆ ಬೆಳಗ್ಗೆಯೇ ಕರ್ಕೊಂಡು ಬನ್ನಿ."

ನೆನಪಿತ್ತು. ಮೈಕೋಫಿನೊಲೇಟಿನಿಂದ ಅಣ್ಣನಿಗೆ ಭೇದಿ ನಿಲ್ಲದೆ ಹೋದಾಗ ಬದಲಿಗೆ ಅಜಾಥಯೋಪ್ರಿನ್ ಕೊಟ್ಟಿದ್ದರು. ಅದಕ್ಕೂ ಈ ಬೆರಳಿನ ಮಾತ್ರೆಗೂ ಏನು ಸಂಬಂಧ ಅನ್ನೋದು ಮಾತ್ರ ಅವತ್ತು ನನಗೆ ಹೊಸದು.

ಒಂದೇ ಲ್ಯಾಬಿನ ಎರಡು ಮಾತ್ರೆ

ಈ ಕತೆ ಹುಡುಕಿ ಓದಿದ ಮೇಲೆ ನನಗೆ ಗರ್ಟ್ರೂಡ್ ಎಲಿಯನ್ ಅನ್ನುವ ಹೆಣ್ಣುಮಗಳ ಮೇಲೆ ದೊಡ್ಡ ಗೌರವ ಬಂತು. ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಹದಿನೈದನೇ ವಯಸ್ಸಿನಲ್ಲಿ ತಾತ ಕ್ಯಾನ್ಸರಿನಿಂದ ಸತ್ತಾಗ, ಕಾಯಿಲೆಗೆ ಔಷಧಿ ಹುಡುಕಬೇಕು ಅಂತ ಕೆಮಿಸ್ಟ್ರಿ ಹಿಡಿದರು. ಹೆಣ್ಣು ಅನ್ನುವ ಕಾರಣಕ್ಕೆ ಲ್ಯಾಬುಗಳು ಕೆಲಸ ಕೊಡಲಿಲ್ಲ. ಕೊನೆಗೆ ಜಾರ್ಜ್ ಹಿಚಿಂಗ್ಸ್ ಜೊತೆ ಒಂದು ಔಷಧಿ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಅವರು ರಕ್ತದ ಕ್ಯಾನ್ಸರಿಗೆ ಮರ್ಕ್ಯಾಪ್ಟೊಪ್ಯೂರಿನ್ ತಯಾರಿಸಿದರು. ಅದರಿಂದ ಹುಟ್ಟಿದ್ದೇ ಅಜಾಥಯೋಪ್ರಿನ್. ಅವಳಿಗಳಲ್ಲದವರ ನಡುವೆಯೂ ಕಿಡ್ನಿ ಕಸಿ ನಿಲ್ಲುವಂತೆ ಮಾಡಿದ ಮೊದಲ ಔಷಧಿಗಳಲ್ಲಿ ಅದೂ ಒಂದು.

ಆದರೆ ಒಂದು ತೊಡಕಿತ್ತು. ದೇಹದಲ್ಲಿರುವ ಜಾಂಥೀನ್ ಆಕ್ಸಿಡೇಸ್ ಅನ್ನುವ ಕಿಣ್ವ ಮರ್ಕ್ಯಾಪ್ಟೊಪ್ಯೂರಿನ್ನನ್ನು ಬೇಗ ಒಡೆದು ಹೊರಹಾಕುತ್ತಿತ್ತು. ಆ ಕಿಣ್ವವನ್ನು ತಡೆದರೆ ಔಷಧಿಯ ಬಲ ಹೆಚ್ಚುತ್ತದೆ ಅಂತ ಯೋಚಿಸಿ ಅಲೋಪ್ಯೂರಿನಾಲ್ ಪರೀಕ್ಷಿಸಿದರು. ಪ್ಯೂರಿನ್ನನ್ನು ಯೂರಿಕ್ ಆಸಿಡ್ ಮಾಡುವುದೂ ಅದೇ ಕಿಣ್ವ. ಹೀಗಾಗಿ ಅಲೋಪ್ಯೂರಿನಾಲ್ ಕೊಟ್ಟವರ ಯೂರಿಕ್ ಆಸಿಡ್ ಇಳಿಯಿತು. ಕ್ಯಾನ್ಸರ್ ಔಷಧಿಗೆ ಜೊತೆಗಾರನಾಗಿ ಬಂದದ್ದು ಗೌಟ್ ಕಾಯಿಲೆಯ ಔಷಧಿಯಾಗಿ ಹೆಸರು ಮಾಡಿತು. 1988ರಲ್ಲಿ ಎಲಿಯನ್, ಹಿಚಿಂಗ್ಸ್ ಇಬ್ಬರಿಗೂ ನೊಬೆಲ್ ಬಂತು.

ಈಗ ಅಣ್ಣನ ಚೀಟಿಯನ್ನು ಇನ್ನೊಮ್ಮೆ ನೋಡಿ. ಅಜಾಥಯೋಪ್ರಿನ್ ದೇಹದೊಳಗೆ ಮರ್ಕ್ಯಾಪ್ಟೊಪ್ಯೂರಿನ್ ಆಗುತ್ತದೆ. ಅದನ್ನು ಕರಗಿಸುವ ಕಿಣ್ವವನ್ನು ಅಲೋಪ್ಯೂರಿನಾಲ್ ಕಟ್ಟಿಹಾಕುತ್ತದೆ. ಮೊದಲಿನ ಡೋಸೇ ಮುಂದುವರಿದರೆ ಔಷಧಿ ದೇಹದಲ್ಲಿ ಜಮಾಯಿಸಿ, ರಕ್ತ ತಯಾರಿಸುವ ಮೂಳೆಮಜ್ಜೆಯೇ ಕುಸಿಯಬಹುದು. ಬಿಳಿ ರಕ್ತಕಣ ಪಾತಾಳಕ್ಕೆ ಇಳಿದರೆ ಮೊದಲೇ ರೋಗನಿರೋಧಕ ಶಕ್ತಿ ಕಡಿಮೆ ಇರುವ ಮನುಷ್ಯನಿಗೆ ಒಂದು ಸಾಮಾನ್ಯ ಸೋಂಕೂ ಸಾವು ತರಬಲ್ಲದು. ಹೊಸದಾಗಿ ಬಂದ ಫೆಬುಕ್ಸೊಸ್ಟ್ಯಾಟ್ ತಡೆಯುವುದೂ ಇದೇ ಕಿಣ್ವವನ್ನು, ಅದಕ್ಕೂ ಇದೇ ಎಚ್ಚರಿಕೆ. ಎರಡನ್ನೂ ಕೊಡಲೇಬೇಕಾದರೆ ವೈದ್ಯರು ಅಜಾಥಯೋಪ್ರಿನ್ನನ್ನು ಕಾಲು ಭಾಗಕ್ಕೋ ಮೂರನೇ ಒಂದು ಭಾಗಕ್ಕೋ ಇಳಿಸಿ ರಕ್ತಪರೀಕ್ಷೆ ಮಾಡುತ್ತಾ ಇರುತ್ತಾರೆ. ಇಲ್ಲವೇ ಅದನ್ನು ತೆಗೆದು ಬೇರೆ ಔಷಧಿಗೆ ಬದಲಾಯಿಸುತ್ತಾರೆ.

ಡೈಕ್ಲೋಫೆನಾಕ್ ಕತೆ ಇನ್ನೂ ನೇರ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆಗಳೂ ಕಿಡ್ನಿಯ ರಕ್ತದ ಹರಿವು ತಗ್ಗಿಸುತ್ತವೆ. ಟ್ಯಾಕ್ರೊಲಿಮಸ್ ಈಗಾಗಲೇ ಅದನ್ನೇ ಮಾಡುತ್ತಿದೆ. ಇದ್ದ ಒಂದು ಕಿಡ್ನಿಗೆ ಎರಡೂ ಕಡೆಯಿಂದ ಹೊಡೆತ.

ಮಾರನೇ ದಿನ ಏನಾಯಿತು

ಬೆಂಗಳೂರಿನಲ್ಲಿ ಮೊದಲು ಮಾಡಿದ್ದು ಕೀಲಿನಿಂದ ಸೂಜಿ ಹಾಕಿ ನೀರು ತೆಗೆದು ಪರೀಕ್ಷೆ. ಯಾಕೆಂದರೆ ಕಸಿ ಆದವರಲ್ಲಿ ಊದಿದ ಕೀಲು ಗೌಟೇ ಆಗಬೇಕೆಂದಿಲ್ಲ, ಸೋಂಕೂ ಆಗಿರಬಹುದು. ಮೇಲ್ನೋಟಕ್ಕೆ ಎರಡೂ ಒಂದೇ ಥರ. ಸೋಂಕು ಇರಲಿಲ್ಲ, ಸೂಕ್ಷ್ಮದರ್ಶಕದಲ್ಲಿ ಸೂಜಿಯಂಥ ಹರಳು ಕಂಡವು. ಯೂರಿಕ್ ಆಸಿಡ್ 9.2, ಕ್ರಿಯಾಟಿನಿನ್ 1.4. ಟ್ಯಾಕ್ರೊಲಿಮಸ್ ಮಟ್ಟ ಸರಿಯಾಗಿತ್ತು.

ಮುಂದಿನದು ನಿಧಾನದ ಕೆಲಸ. ಕೆಲವು ದಿನ ಮಟ್ಟಿಗೆ ಸ್ಟೀರಾಯ್ಡ್ ಡೋಸ್ ಏರಿಸಿ ಇಳಿಸಿದರು. ಎರಡೇ ದಿನಕ್ಕೆ ಅಣ್ಣ ಚಪ್ಪಲಿ ಹಾಕಿದ. ಬಿಪಿ ಮಾತ್ರೆಯಲ್ಲಿ ಥಯಜೈಡ್ ಸೇರಿತ್ತು. ಅದನ್ನು ತೆಗೆದು ಲೊಸಾರ್ಟಾನ್ ಕೊಟ್ಟರು. ಇದು ಬಿಪಿಯ ಜೊತೆ ಯೂರಿಕ್ ಆಸಿಡ್ಡನ್ನೂ ಸ್ವಲ್ಪ ಇಳಿಸುತ್ತದೆ. ಆದರೆ ಪೊಟ್ಯಾಶಿಯಂ ಏರಿಸಬಹುದು, ಟ್ಯಾಕ್ರೊಲಿಮಸ್ಸೂ ಏರಿಸುತ್ತದೆ. ಹಾಗಾಗಿ ವಾರದಲ್ಲೇ ರಕ್ತಪರೀಕ್ಷೆ. ಅಜಾಥಯೋಪ್ರಿನ್ ನಿಲ್ಲಿಸಿ, ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಕರಗುವ ಬಗೆಯ ಮೈಕೋಫಿನೊಲೇಟ್ ಸಣ್ಣ ಡೋಸಿನಲ್ಲಿ ಶುರು ಮಾಡಿದರು. ಈ ಸಲ ಹೊಟ್ಟೆ ಒಪ್ಪಿಕೊಂಡಿತು. ಅದಾದ ಮೇಲೆಯೇ ಅಲೋಪ್ಯೂರಿನಾಲ್, ಅದೂ 300 ಅಲ್ಲ, 50 ಮಿಲಿಗ್ರಾಂ. ಕಿಡ್ನಿ ಪೂರ್ತಿ ಕೆಲಸ ಮಾಡದವರಿಗೆ ಇದನ್ನು ಸಣ್ಣದಾಗಿ ಶುರುಮಾಡಿ ಮೆಲ್ಲಗೆ ಏರಿಸಬೇಕು. ಕೆಲವರಿಗೆ, ಅದರಲ್ಲೂ ಮೊದಲ ಒಂದೆರಡು ತಿಂಗಳಲ್ಲಿ, ಇದರಿಂದ ಚರ್ಮ ಸುಲಿಯುವಂಥ ಭಯಂಕರ ಅಲರ್ಜಿ ಆಗಬಹುದು. "ಮೈಮೇಲೆ ಕೆಂಪು ಗಂಧೆ ಎದ್ದರೆ ಮಾತ್ರೆ ನಿಲ್ಲಿಸಿ ತಕ್ಷಣ ಫೋನ್ ಮಾಡಿ" ಅಂತ ಹೇಳಿ ಕಳಿಸಿದರು. ನಾಲ್ಕು ತಿಂಗಳಿಗೆ ಯೂರಿಕ್ ಆಸಿಡ್ 5.6ಕ್ಕೆ ಬಂತು. ಗೌಟ್ ಬಂದವರಿಗೆ 6ಕ್ಕಿಂತ ಕೆಳಗಿಡುವುದು ಗುರಿ.

ಕಾಲ್ಚಿಸಿನ್ ಅನ್ನುವ ಇನ್ನೊಂದು ಗೌಟ್ ಮಾತ್ರೆಯ ಹೆಸರೂ ನೀವು ಕೇಳಿರಬಹುದು. ಸೈಕ್ಲೋಸ್ಪೊರಿನ್ ಮೇಲಿರುವವರಲ್ಲಿ ಅದು ದೇಹದಲ್ಲಿ ಸೇರಿಕೊಂಡು ಸ್ನಾಯು, ನರಗಳ ಬಲ ಕುಗ್ಗಿಸಬಹುದು. ಕೊಟ್ಟರೂ ತೀರಾ ಕಡಿಮೆ ಡೋಸು, ಕಸಿ ವೈದ್ಯರ ಕಣ್ಣೆದುರೇ.

ಅಂಕಿ ಏರಿದ್ದಕ್ಕೆಲ್ಲ ಮಾತ್ರೆ ಬೇಕಾ?

ಬೇಡ. ಇದನ್ನು ಒತ್ತಿ ಹೇಳಬೇಕು. ನೋವಿಲ್ಲ, ಕಲ್ಲಿಲ್ಲ, ರಿಪೋರ್ಟಿನಲ್ಲಿ ಮಾತ್ರ 7.8 ಅಂತಿದೆ ಅಂದರೆ ಬಹಳಷ್ಟು ವೈದ್ಯರು ಕಾದು ನೋಡುತ್ತಾರೆ. ಯೂರಿಕ್ ಆಸಿಡ್ ಇಳಿಸಿದರೆ ಕಿಡ್ನಿ ಹೆಚ್ಚು ದಿನ ಬಾಳುತ್ತದಾ ಅಂತ ಪರೀಕ್ಷಿಸಿದ ಎರಡು ದೊಡ್ಡ ಅಧ್ಯಯನಗಳು 2020ರಲ್ಲಿ ಪ್ರಕಟವಾದವು. ಕಿಡ್ನಿ ಕಾಯಿಲೆ ಇರುವ ಅಥವಾ ಬರುವ ಅಪಾಯವಿರುವ ಜನರಲ್ಲಿ ಅಲೋಪ್ಯೂರಿನಾಲ್ ಕಿಡ್ನಿಯ ಇಳಿಕೆಯನ್ನು ನಿಧಾನಿಸಲಿಲ್ಲ ಅಂತ ಎರಡೂ ಹೇಳಿದವು. ಅವು ಕಸಿಯಾದವರ ಮೇಲೆ ಮಾಡಿದ್ದಲ್ಲ, ನಿಜ. ಆದರೂ ಬರೀ ಅಂಕಿ ನೋಡಿ ಮಾತ್ರೆ ನುಂಗುವುದಕ್ಕೆ ಆತುರ ಬೇಡ ಅನ್ನುವುದಕ್ಕೆ ಅಷ್ಟು ಸಾಕು. ಇನ್ನೊಂದು ತಿರುವು ಕೇಳಿ: ಗೌಟ್ ನೋವು ಜೋರಾಗಿರುವ ದಿನವೇ ಪರೀಕ್ಷೆ ಮಾಡಿದರೆ ಕೆಲವೊಮ್ಮೆ ಯೂರಿಕ್ ಆಸಿಡ್ ನಾರ್ಮಲ್ ಅಂತಲೇ ಬರುತ್ತದೆ. ಆ ಒಂದು ರಿಪೋರ್ಟು ನೋಡಿ "ಇದು ಗೌಟ್ ಅಲ್ಲ" ಅಂತ ತೀರ್ಮಾನಿಸಬಾರದು.

ನಮ್ಮ ಕಡೆ ಊಟ, ನಮ್ಮ ಕಡೆ ಅನುಮಾನ

ಅಮ್ಮನ ಮೊದಲ ಪ್ರಶ್ನೆ: "ಅವರೆಕಾಯಿ ಬಿಡಬೇಕೇನಮ್ಮಾ?" ಕೋಲಾರದವರಿಗೆ ಹಿತಕಿದ ಬೇಳೆ ಸಾರು ಬಿಡಿ ಅನ್ನೋದು ಹಬ್ಬ ಬಿಡಿ ಅಂದ ಹಾಗೆ. ಸಮಾಧಾನದ ಸಂಗತಿ ಏನೆಂದರೆ, ಕಾಳು, ಸೊಪ್ಪಿನಲ್ಲಿ ಪ್ಯೂರಿನ್ ಇದ್ದರೂ ಅದರಿಂದ ಗೌಟ್ ಹೆಚ್ಚುವುದು ದೊಡ್ಡ ಅಧ್ಯಯನಗಳಲ್ಲಿ ಕಂಡಿಲ್ಲ. ಹೆಚ್ಚು ಮಾಡುವುದು ಮಾಂಸ, ಕೆಲವು ಬಗೆಯ ಮೀನು, ಅದರಲ್ಲೂ ಲಿವರ್, ಬೋಟಿ, ಮಿದುಳು. ಬಿಯರ್ ಮತ್ತು ಸಕ್ಕರೆ ತುಂಬಿದ ತಂಪು ಪಾನೀಯಗಳೂ ಅಷ್ಟೇ. ಕೆನೆ ತೆಗೆದ ಹಾಲು, ಮೊಸರು ಒಳ್ಳೆಯದು. ಹಾಗಾಗಿ ಮುದ್ದೆ, ಬಸ್ಸಾರು, ಮಜ್ಜಿಗೆ ಹಾಗೇ ಉಳಿದವು. ಬೋಟಿ ಗೊಜ್ಜು, ಕಾಲು ಸೂಪು ಹೋದವು.

ಮಾವು ಇನ್ನೊಂದು ನಾಜೂಕಿನ ವಿಷಯ. ಅದರಲ್ಲಿ ಸಕ್ಕರೆಯೂ ಇದೆ, ಪೊಟ್ಯಾಶಿಯಮ್ಮೂ ಇದೆ. ಟ್ಯಾಕ್ರೊಲಿಮಸ್ ಮತ್ತು ಸ್ಟೀರಾಯ್ಡಿನಿಂದ ಕಸಿಯಾದ ಮೇಲೆ ಹೊಸದಾಗಿ ಸಕ್ಕರೆ ಕಾಯಿಲೆ ಬರುವುದುಂಟು. ಹೀಗಾಗಿ ತೋಪಿನ ಯಜಮಾನನಿಗೆ ಈಗ ದಿನಕ್ಕೆ ಎರಡು ಹೋಳು, ಅದೂ ರಿಪೋರ್ಟು ಚೆನ್ನಾಗಿದ್ದರೆ.

ಚಕೋತ ಮಾತ್ರ ಪೂರ್ತಿ ಬಂದ್. ದೇವನಹಳ್ಳಿ ಚಕೋತ ಯಾರಾದರೂ ತಂದುಕೊಟ್ಟರೆ ಅದು ಮಿಕ್ಕವರಿಗೆ. ಗ್ರೇಪ್‌ಫ್ರೂಟ್ ಜಾತಿಯ ಈ ಹಣ್ಣು ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಏರಿಸಬಲ್ಲದು. ಹಾಗೆಯೇ "ಇಮ್ಯುನಿಟಿ ಹೆಚ್ಚುತ್ತೆ" ಅಂತ ಕೊಡುವ ಕಷಾಯ, ಪುಡಿಗಳು. ನಾವು ದುಡ್ಡು ಕೊಟ್ಟು ಇಮ್ಯುನಿಟಿ ತಗ್ಗಿಸುತ್ತಿದ್ದೇವೆ. ಏರಿಸುವ ಪುಡಿ ನಮಗ್ಯಾಕೆ?

ನೀರು ಕೊನೆಯದು, ಆದರೆ ದೊಡ್ಡದು. ಡಯಾಲಿಸಿಸ್ ಕಾಲದಲ್ಲಿ ಅಣ್ಣ ನೀರನ್ನು ಗುಟುಕು ಲೆಕ್ಕದಲ್ಲಿ ಕುಡಿಯುತ್ತಿದ್ದ. ಕಸಿಯಾದ ಮೇಲೆ ಅದು ತಿರುವುಮುರುವು. ಬಿಸಿಲಲ್ಲಿ ಬೆವರಿ ದೇಹ ಒಣಗಿದರೆ ಕ್ರಿಯಾಟಿನಿನ್ನೂ ಏರುತ್ತದೆ, ಯೂರಿಕ್ ಆಸಿಡ್ಡೂ ಏರುತ್ತದೆ. ಎಷ್ಟು ಲೀಟರ್ ಅನ್ನೋದು ಅವರವರ ವೈದ್ಯರನ್ನೇ ಕೇಳಿ. ಕೇಳಿದಷ್ಟು ಕುಡಿದಿದ್ದಾರಾ ಅನ್ನೋದನ್ನು ನೀವು ಕೇಳಿ.

ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ

1. ಕಸಿಯಾದವರ ಜೇಬಿನಲ್ಲಿ, ಫೋನಿನಲ್ಲಿ ಎಲ್ಲ ಮಾತ್ರೆಗಳ ಹೆಸರು, ಡೋಸು ಇರಲಿ. ಬ್ರ್ಯಾಂಡ್ ಹೆಸರಷ್ಟೇ ಸಾಲದು, ಔಷಧಿಯ ಹೆಸರೂ ಬೇಕು.

2. ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಬೇಡ. ಪ್ಯಾರಾಸಿಟಮಾಲ್ ಕೂಡ ಎಷ್ಟು ಅಂತ ಕೇಳಿಯೇ.

3. ಅಜಾಥಯೋಪ್ರಿನ್ ಇದ್ದರೆ ಅಲೋಪ್ಯೂರಿನಾಲ್, ಫೆಬುಕ್ಸೊಸ್ಟ್ಯಾಟ್ ಹೆಸರು ಕಂಡ ತಕ್ಷಣ ಕಸಿ ವಿಭಾಗಕ್ಕೆ ಫೋನ್ ಮಾಡಿ.

4. ಕೀಲು ಊದಿ ಜೊತೆಗೆ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ.

5. ಟ್ಯಾಕ್ರೊಲಿಮಸ್ ಮಟ್ಟದ ಪರೀಕ್ಷೆಗೆ ರಕ್ತ ಕೊಡುವುದು ಬೆಳಗಿನ ಮಾತ್ರೆ ನುಂಗುವ ಮೊದಲು. ಮಾತ್ರೆ ಜೊತೆಯಲ್ಲೇ ತೆಗೆದುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಲಿ.

6. ಕೆಲವು ಆ್ಯಂಟಿಬಯೋಟಿಕ್, ಫಂಗಸ್ ಮಾತ್ರೆಗಳೂ ಟ್ಯಾಕ್ರೊಲಿಮಸ್ ಮಟ್ಟವನ್ನು ಏರುಪೇರು ಮಾಡುತ್ತವೆ. ಗಂಟಲು ನೋವಿನ ಚೀಟಿಯ ಫೋಟೊವನ್ನೂ ಕಳಿಸಿ.

ಕೊಟ್ಟವರನ್ನೂ ನೋಡಿ

ಕಿಡ್ನಿ ಪಡೆದವರ ಫೈಲು ದಪ್ಪಗಿರುತ್ತದೆ. ಕೊಟ್ಟವರದ್ದು ಒಂದೆರಡು ಹಾಳೆ. ನಮ್ಮಮ್ಮನಿಗೂ ಈಗ ಇರುವುದು ಒಂದೇ ಕಿಡ್ನಿ. ದಾನ ಮಾಡಿದವರಲ್ಲೂ ಯೂರಿಕ್ ಆಸಿಡ್ ಸ್ವಲ್ಪ ಏರುವುದು ಸಾಮಾನ್ಯ. ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದ ಪರೀಕ್ಷೆ ಅವರಿಗೂ ಬೇಕು. ಟೊಮೇಟೊ ಕಿತ್ತು ಬಂದ ರಾತ್ರಿ ಮಂಡಿ ನೋವು ಅಂತ ಅಂಗಡಿ ಮಾತ್ರೆ ನುಂಗುವ ಅಭ್ಯಾಸ ನಮ್ಮೂರಿನ ಅರ್ಧ ಹೆಂಗಸರಿಗಿದೆ. ಅಮ್ಮನಿಗೆ ಆ ಮಾತ್ರೆ ಅಣ್ಣನಿಗಿರುವಷ್ಟೇ ದೂರ. "ನಂಗೇನಾಗಿದೆ, ನಾನು ಚೆನ್ನಾಗಿದ್ದೀನಿ" ಅಂತಾರೆ. ಚೆನ್ನಾಗಿಯೇ ಇದ್ದಾರೆ. ಆದರೂ ಪ್ರತಿ ಜನವರಿಯಲ್ಲಿ ಅವರ ಹೆಸರಲ್ಲೂ ಒಂದು ರಿಪೋರ್ಟು ನನ್ನ ಫೋನಿಗೆ ಬರಲೇಬೇಕು ಅಂತ ನಾನು ಹಟ ಹಿಡಿದಿದ್ದೀನಿ. ನಿಮ್ಮ ಮನೆಯಲ್ಲೂ ಹೀಗೆ ಕೊಟ್ಟವರೊಬ್ಬರು ಇದ್ದರೆ, ಅವರ ಕೊನೆಯ ಪರೀಕ್ಷೆ ಯಾವಾಗ ಆಯಿತು ಅಂತ ಇವತ್ತೇ ಒಂದು ಫೋನ್ ಮಾಡಿ ಕೇಳಿ.